ಎಣ್ಣೆ ಕುಡಿಯುವ ಕಾರು: ಒಂದು ಡಿಪ್‌ಸ್ಟಿಕ್ ಡೈರಿ

38,600 ಕಿ.ಮೀ.

ಲೆಕ್ಕ ಇಡಲು ಶುರು ಮಾಡಿದ್ದು ಇಲ್ಲಿಂದ. ಕಾರು ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್. ವಾರಂಟಿ ಮೂರು ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಯಾವ ಕಂಪನಿಯದು ಅಂತ ಬರೆಯುವುದಿಲ್ಲ, ವ್ಯವಹಾರ ಇನ್ನೂ ಪೂರ್ತಿ ಮುಗಿದಿಲ್ಲ. ಓಡುವುದು ಹೆಚ್ಚಾಗಿ ತೀರ್ಥಹಳ್ಳಿ ಸುತ್ತಮುತ್ತ, ಆಗಾಗ ಶಿವಮೊಗ್ಗ, ಮದುವೆ ಮುಂಜಿ ಅಂದರೆ ಆಗುಂಬೆ ಇಳಿದು ಉಡುಪಿ ಕಡೆ.

ಸರ್ವೀಸ್‌ಗೆ ಇನ್ನೂ ಬಹಳ ದೂರ ಇರುವಾಗಲೇ ಮಂಡಗದ್ದೆ ಹತ್ತಿರ ಹಳದಿ ಆಯಿಲ್ ದೀಪ ಹತ್ತಿತು. ಹಳದಿ ಅಂದರೆ ಮಟ್ಟ ಕಮ್ಮಿ ಅಂತ. ಕೆಂಪು ಬಂದಿದ್ದರೆ ಕಥೆಯೇ ಬೇರೆ. ಅದು ಆಯಿಲ್ ಪ್ರೆಶರ್ ಇಲ್ಲ ಅನ್ನುವ ದೀಪ, ಎಲ್ಲಿದ್ದೀರೋ ಅಲ್ಲೇ ಎಂಜಿನ್ ಆಫ್ ಮಾಡಬೇಕು.

ಸರ್ವೀಸ್ ಸೆಂಟರಿನಲ್ಲಿ ಒಂದು ಲೀಟರ್ ಹಾಕಿ, "ಸರ್, ಟರ್ಬೊ ಗಾಡಿ ಅಲ್ವಾ, ಸ್ವಲ್ಪ ಕುಡಿಯುತ್ತೆ" ಅಂದರು. ಬಿಲ್ಲಿನಲ್ಲಿ ಬರೀ "ಆಯಿಲ್ ಟಾಪ್ ಅಪ್" ಅಂತ ಇತ್ತು. ಕೌಂಟರಿಗೆ ವಾಪಸ್ ಹೋಗಿ ಜಾಬ್ ಕಾರ್ಡಿನಲ್ಲಿ "ಗ್ರಾಹಕರ ದೂರು: ಎಂಜಿನ್ ಆಯಿಲ್ ಕಮ್ಮಿಯಾಗುತ್ತಿದೆ" ಅಂತ ಬರೆಸಿ, ಕಿಲೋಮೀಟರ್ ಸಮೇತ ಒಂದು ಪ್ರತಿ ಇಸಿದುಕೊಂಡೆ. ಅಡ್ವೈಸರ್ ಹುಡುಗನಿಗೆ ಇದು ಇಷ್ಟವಾಗಲಿಲ್ಲ. ಆಗಲಿ. ಬಾಯಲ್ಲಿ ಹೇಳಿದ ದೂರು ಯಾವ ಕಡತಕ್ಕೂ ಸೇರುವುದಿಲ್ಲ.

39,000ದ ಆಸುಪಾಸು

ಅಳೆಯುವುದೇ ಒಂದು ದೊಡ್ಡ ಕೆಲಸ. ನಮ್ಮ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಕಾರನ್ನು ಮೇಲ್ಮುಖವಾಗಿ ನಿಲ್ಲಿಸಿದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ ಡಿಪ್‌ಸ್ಟಿಕ್ ಒಂದು ಹೇಳುತ್ತದೆ, ಕೆಳಮುಖ ಮಾಡಿದರೆ ಇನ್ನೊಂದು. ಮನೆ ಹತ್ತಿರ ಮಟ್ಟವಾದ ಜಾಗ ಅಂದರೆ ಅಡಿಕೆ ಒಣಗಿಸುವ ಅಂಗಳ ಮಾತ್ರ. ಕೊಯ್ಲು ಇಲ್ಲದ ಕಾಲ ಆದ್ದರಿಂದ ಬಚಾವು. ಆದರೂ ಅಂಗಳಕ್ಕೆ ಎಣ್ಣೆ ಚೆಲ್ಲಿದರೆ ನೋಡು ಅಂತ ಅಮ್ಮ ಮೊದಲೇ ಹೇಳಿಟ್ಟಿದ್ದಾರೆ.

ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಎಣ್ಣೆ ಕೆಳಗೆ ಇಳಿಯಲು ಹತ್ತು ನಿಮಿಷ ಬಿಡುತ್ತೇನೆ. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ನೋಡುತ್ತೇನೆ. ಹಳೇ ಬನಿಯನ್ ಬಟ್ಟೆ ಇದಕ್ಕೆ ಒಳ್ಳೆಯದು, ಟರ್ಕಿ ಟವೆಲ್ ಆದರೆ ನೂಲು ಬಿಡುತ್ತದೆ. ಆಮೇಲೆ ಡಬ್ಬಿಯನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಮೇಲಿನ ಗೆರೆ ಮುಟ್ಟುವವರೆಗೆ ಎಣ್ಣೆ ಹಾಕಿ, ಡಬ್ಬಿಯನ್ನು ಮತ್ತೆ ತೂಗುತ್ತೇನೆ. ಕಮ್ಮಿಯಾದ ತೂಕವೇ ಕಾರು ಕುಡಿದದ್ದು. ಎಂಜಿನ್ ಆಯಿಲ್ ಲೀಟರಿಗೆ ಸುಮಾರು 850 ಗ್ರಾಂ ತೂಗುತ್ತದೆ. ಡಬ್ಬಿಯ ಪಕ್ಕದ ಗೆರೆ ನೋಡಿ ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಒಂದು ವಿಚಿತ್ರ ಗಮನಕ್ಕೆ ಬಂತು. ಊರೊಳಗೆ ಡೈರಿ, ಪೇಟೆ ಅಂತ ಓಡಾಡಿದ ವಾರಗಳಲ್ಲಿ ಮಟ್ಟ ಇಳಿಯುವುದೇ ಇಲ್ಲ. ಒಮ್ಮೆ ಶಿವಮೊಗ್ಗಕ್ಕೆ ಹೋಗಿ ಬಂದರೆ ಏಕಾಏಕಿ ಕಾಲು ಲೀಟರ್ ಮಾಯ. ಕಾರಣ ಪೆಟ್ರೋಲ್. ತಣ್ಣಗಿನ ಎಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲ್ ಸುಡದೆ ಸಿಲಿಂಡರ್ ಗೋಡೆಯಿಂದ ಇಳಿದು ಎಣ್ಣೆಗೆ ಸೇರುತ್ತದೆ. ಎಣ್ಣೆ ಸುಟ್ಟುಹೋಗುತ್ತಿದ್ದರೂ ಮಟ್ಟ ಹಾಗೇ ಕಾಣುತ್ತದೆ. ದೂರದ ದಾರಿಯಲ್ಲಿ ಎಂಜಿನ್ ಚೆನ್ನಾಗಿ ಕಾದಾಗ ಆ ಪೆಟ್ರೋಲ್ ಆವಿಯಾಗುತ್ತದೆ, ನಿಜವಾದ ಮಟ್ಟ ಆಗ ಹೊರಬೀಳುತ್ತದೆ. ಆದ್ದರಿಂದ ಇನ್ನು ಮೇಲೆ ಅಳೆಯುವುದೇನಿದ್ದರೂ ಉದ್ದ ಓಟದ ಮಾರನೇ ದಿನ.

40,100 ಕಿ.ಮೀ., ಭಾವನ ತಪಾಸಣೆ

ನಮ್ಮ ಭಾವ ಕೊಪ್ಪದ ಸಹಕಾರ ಸಾರಿಗೆಯಲ್ಲಿ ಬಸ್ ಮೆಕ್ಯಾನಿಕ್ ಆಗಿದ್ದವರು. ಕಾರು ನೋಡುವ ಮೊದಲು ಅದರ ಹೊಟ್ಟೆ ಕೆಳಗೆ ರಟ್ಟು ಹಾಸಿ, ರಾತ್ರಿ ಬಿಡು ಅಂದರು. ಬೆಳಿಗ್ಗೆ ರಟ್ಟಿನಲ್ಲಿ ಒಂದು ಹನಿ ಇಲ್ಲ. ಅಂದರೆ ಸಂಪ್ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್ ಸೋರುತ್ತಿಲ್ಲ. ಅಂಗಳವೂ ಉಳಿಯಿತು.

ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ಕಾಗದ ಇಟ್ಟರು. ಕಾಗದ ಮೆಲ್ಲಗೆ ಒಳಗೆ ಎಳೆದುಕೊಂಡು ಅಂಟಿ ನಿಂತಿತು. ಹಾರಿಹೋಗಿದ್ದರೆ ಒಳಗಿನ ಗ್ಯಾಸ್ ಒತ್ತಡ ಜಾಸ್ತಿ ಅಂತ, ಗಟ್ಟಿಯಾಗಿ ಎಳೆದುಕೊಂಡಿದ್ದರೆ ಆ ಗ್ಯಾಸನ್ನು ಎಂಜಿನ್ ಹೀರಿಕೊಳ್ಳಲು ಬಿಡುವ ಪಿಸಿವಿ ವಾಲ್ವ್ ತೆರೆದೇ ಕೂತಿದೆ ಅಂತ. ಎರಡೂ ಅಲ್ಲ. ಟರ್ಬೊ ಎಣ್ಣೆ ಬಿಡುತ್ತಿದೆಯಾ ಅಂತ ನೋಡಲು ಅದರಿಂದ ಇಂಟರ್‌ಕೂಲರಿಗೆ ಹೋಗುವ ಪೈಪ್ ಬಿಚ್ಚಿಸಲು ಹೋಗಲಿಲ್ಲ. ವಾರಂಟಿ ಇರುವ ಗಾಡಿಗೆ ಹೊರಗಿನವರು ಸ್ಪ್ಯಾನರ್ ಹಾಕಿದರು ಅಂತ ಮಾತು ಬರುವುದು ಬೇಡ.

ಮುಚ್ಚಳದ ಒಳಗೆ ಹಾಲಿನ ಕೆನೆ ಥರ ಬಿಳಿ ಪದಾರ್ಥ ಇತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಎಣ್ಣೆಗೆ ಸೇರಿತು ಅಂತ ನನಗೆ ಎದೆ ಝಲ್ಲೆಂದಿತು. "ಮಾರಾಯ, ಇದು ಮಲ್ನಾಡ್ ಮಳೆಗಾಲ. ಸಣ್ಣ ಓಟಕ್ಕೆ ಒಳಗಿನ ನೀರು ಆವಿ ಆಗಲ್ಲ, ಅಷ್ಟೇ. ಕೂಲಂಟ್ ಇಳಿದಿದೆಯಾ? ಇಲ್ಲ ತಾನೆ?" ಅಂದರು ಭಾವ.

ಆಮೇಲೆ ಹೊಗೆ. ಮಳೆಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಹಬೆ ಎಲ್ಲ ಕಾರಿಗೂ ಇರುತ್ತದೆ, ಎರಡು ಮಾರು ಹೋಗುವಷ್ಟರಲ್ಲಿ ಕರಗುತ್ತದೆ. ಎಣ್ಣೆ ಹೊಗೆ ನೀಲಿ, ಗಾಳಿಯಲ್ಲಿ ನಿಲ್ಲುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಅದು ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಆದ ಕೂಡಲೇ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಎಳೆತದಲ್ಲಿ, ಏರಿನಲ್ಲಿ ಬಂದರೆ ಪಿಸ್ಟನ್ ರಿಂಗ್ ಮೇಲೆ. ಆಗುಂಬೆಯ 14 ತಿರುವು ಇಳಿಯುವಾಗ ಆಕ್ಸಲರೇಟರ್ ಬಿಟ್ಟಿರುತ್ತೇವೆ, ಎಂಜಿನ್ ಒಳಗೆ ಎಳೆತ ಹೆಚ್ಚಾಗಿ ಸಂದುಗಳಿಂದ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಸೋಮೇಶ್ವರದಲ್ಲಿ ಮತ್ತೆ ಒತ್ತಿದಾಗ ಅದು ಒಟ್ಟಿಗೆ ಸುಡುತ್ತದೆ. ಭಾವ ಬೈಕಿನಲ್ಲಿ ಹಿಂದೆ ಬಂದು ನೋಡಿದರು. ಬೆಳಗಿನ ಸ್ಟಾರ್ಟಿನಲ್ಲಿ ಏನೂ ಇಲ್ಲ. ಘಾಟಿ ಇಳಿದ ಮೇಲೂ, ವಾಪಸ್ ಏರುವಾಗಲೂ ನೀಲಿ ಹೊಗೆ ಇತ್ತು. ಭಾವನ ತೀರ್ಪು: ರಿಂಗ್. ಅದರಲ್ಲೂ ಆಯಿಲ್ ರಿಂಗ್.

ಸ್ವಲ್ಪ ದಪ್ಪ ಎಣ್ಣೆ ಹಾಕಿ ನೋಡು ಅಂತಲೂ ಒಂದು ಸಲಹೆ ಬಂತು. ಬೇಡ ಅಂದೆ. ಪುಸ್ತಕದಲ್ಲಿ ಇರುವ ಗ್ರೇಡ್ ಬಿಟ್ಟು ಬೇರೆ ಹಾಕಿದರೆ ಅವರ ಕೈಗೆ ನಾವೇ ದೊಣ್ಣೆ ಕೊಟ್ಟಂತೆ.

41,300 ಕಿ.ಮೀ., ಜಟಾಪಟಿ ಶುರು

ಸರ್ವೀಸ್ ಮ್ಯಾನೇಜರ್ ಜೊತೆ ಮಾತು. ಮೊದಲ ವಾದ: "1000 ಕಿಲೋಮೀಟರಿಗೆ 1 ಲೀಟರ್ ತನಕ ಕಂಪನಿ ಲಿಮಿಟ್ ಇದೆ ಸರ್." ಕೆಲವು ಕಂಪನಿಗಳ ಪುಸ್ತಕದಲ್ಲಿ ಹಾಗೆ ಇರುವುದು ನಿಜ. ಆದರೆ ನನ್ನ ಕಾರಿನ ಪುಸ್ತಕದಲ್ಲಿ ಇರುವುದು 0.5 ಲೀಟರ್. ಗ್ಲೋವ್ ಬಾಕ್ಸಿನಿಂದ ಪುಸ್ತಕ ತಂದು ಆ ಪುಟ ತೆರೆದು ಮೇಜಿನ ಮೇಲಿಟ್ಟೆ. ಅವರು ಪುಸ್ತಕವನ್ನು ತಿರುವಿ ಮುಖಪುಟ ನೋಡಿದರು, ಬೇರೆ ಕಾರಿನದೇನೋ ಅನ್ನುವ ಹಾಗೆ!

ಎರಡನೇ ವಾದ: "ನಿಮ್ಮದು ಘಾಟ್ ರೋಡ್." ಹಾಗಾದರೆ ಶಿವಮೊಗ್ಗ ಜಿಲ್ಲೆಯಲ್ಲಿ ಕಾರು ಮಾರುವಾಗ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಆ ವಾದ ಅಲ್ಲಿಗೇ ನಿಂತಿತು. ಕೊನೆಗೆ ಸೀಲ್ ಟೆಸ್ಟ್ ಮಾಡೋಣ ಅಂತ ಅವರೇ ಅಂದರು, ಅಂದರೆ ಎಣ್ಣೆ ತುಂಬಿ, ಯಾರೂ ಬಿಚ್ಚದ ಹಾಗೆ ಗುರುತು ಹಾಕಿ, ಸಾವಿರ ಕಿಲೋಮೀಟರ್ ಓಡಿಸಿ, ಎಷ್ಟು ಕಮ್ಮಿಯಾಯಿತು ಅಂತ ಅಳೆಯುವುದು. ನನಗೆ ಬೇಕಾಗಿದ್ದೂ ಅದೇ.

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಮೇಲಿನ ಗೆರೆ ತನಕ ತುಂಬಿದರು. ಡಿಪ್‌ಸ್ಟಿಕ್, ಎಣ್ಣೆ ಮುಚ್ಚಳ, ಡ್ರೇನ್ ಬೋಲ್ಟ್, ಫಿಲ್ಟರ್ ನಾಲ್ಕಕ್ಕೂ ಹಳದಿ ಪೇಂಟ್ ಹಚ್ಚಿ ಗುರುತು ಮಾಡಿದರು. ನಾನು ಎಲ್ಲದರ ಫೋಟೊ ತೆಗೆದೆ, ಮೀಟರಿನದೂ. ಜಾಬ್ ಕಾರ್ಡಿನಲ್ಲಿ ಎಷ್ಟು ಲೀಟರ್ ಹಾಕಿದ್ದು, ಯಾವ ಗ್ರೇಡ್, ಎಷ್ಟು ಬಂದರೆ ಫೇಲ್ ಅನ್ನುವುದನ್ನೂ ಬರೆಸಿದೆ. ಈ ಕೊನೆಯದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಫೇಲ್ ಅಂದರೆ ಎಷ್ಟು ಅಂತ ಮೊದಲೇ ಬರೆದಿಡದಿದ್ದರೆ, ಫಲಿತಾಂಶ ಬಂದ ಮೇಲೆ ಗೆರೆಯೇ ಜರುಗುತ್ತದೆ.

42,300 ಕಿ.ಮೀ.

ಸಾಗರ, ಹೊನ್ನಾವರ, ಮತ್ತೆ ಶಿವಮೊಗ್ಗ, ಹೀಗೆ ಉದ್ದ ಓಟಗಳಲ್ಲೇ ಸಾವಿರ ಮುಗಿಸಿದೆ. ಅವರು ಅಳತೆ ಜಗ್ಗಿನಿಂದ ಹಾಕಿದಾಗ ಮುಕ್ಕಾಲು ಲೀಟರ್ ಹಿಡಿಯಿತು. ಮನೆಯ ತಕ್ಕಡಿ ಹಿಂದಿನ ಸಾವಿರಕ್ಕೆ ತೋರಿಸಿದ್ದು 640 ಗ್ರಾಂ, ಅಂದರೆ ಅದೇ ಮುಕ್ಕಾಲು ಲೀಟರ್. ತಕ್ಕಡಿಗೆ ನಮಸ್ಕಾರ.

ಫೇಲ್ ಅಂತ ಬರೆಯುವ ಬದಲು ಕಂಪ್ರೆಶನ್ ಟೆಸ್ಟ್ ಮಾಡಿದರು, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಪರೀಕ್ಷೆ. ಮೂರೂ ಸಿಲಿಂಡರ್ ಸರಿ ಇದೆ, ಆದ್ದರಿಂದ ಎಂಜಿನ್ ಸರಿ ಇದೆ ಅಂದರು. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದೇ ಮಾತಿಗೆ ಬಹಳ ಜನ ವಾಪಸ್ ಬರುತ್ತಾರೆ. ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗ್. ಮೇಲಿನ ಎರಡು ಮುಖ್ಯವಾಗಿ ಒತ್ತಡ ಹಿಡಿಯುವುದಕ್ಕೆ. ಮೂರನೆಯದು ಆಯಿಲ್ ರಿಂಗ್, ಸಿಲಿಂಡರ್ ಗೋಡೆಗೆ ಹತ್ತಿದ ಎಣ್ಣೆಯನ್ನು ಬಳಿದು ಹಿಂದಿನ ತೂತುಗಳ ಮೂಲಕ ಕೆಳಗೆ ಕಳಿಸುವುದು ಅದರ ಕೆಲಸ. ಕಾರ್ಬನ್ ಕಟ್ಟಿ ಆ ತೂತು ಮುಚ್ಚಿದರೆ, ರಿಂಗ್ ಅಲ್ಲಾಡದೆ ಕೂತರೆ, ಎಣ್ಣೆ ಮೇಲೆ ಉಳಿದು ಸುಡುತ್ತದೆ. ಆಗಲೂ ಮೇಲಿನ ರಿಂಗ್‌ಗಳು ಚೆನ್ನಾಗಿದ್ದರೆ ಕಂಪ್ರೆಶನ್ ಸರಿಯಾಗೇ ತೋರಿಸುತ್ತದೆ. ಮೈಲೇಜ್ ಸಲುವಾಗಿ ಈಗಿನ ಎಂಜಿನ್‌ಗಳಲ್ಲಿ ರಿಂಗ್ ಬಿಗಿತ ಕಮ್ಮಿ ಮಾಡಿರುತ್ತಾರೆ, ಎಣ್ಣೆಯೂ ತೆಳು.

ಇದು ನನ್ನೊಬ್ಬನ ಗೋಳೂ ಅಲ್ಲ. ಅಮೆರಿಕದಲ್ಲಿ ಟೊಯೊಟಾದ 2ಎಝಡ್-ಎಫ್‌ಇ ಎಂಜಿನ್ನಿಗೆ ಇದೇ ದೂರು ಬಂದಾಗ 1200 ಮೈಲಿಗೆ ಒಂದು ಕ್ವಾರ್ಟ್ ಕುಡಿದರೆ ಫೇಲ್ ಅಂತ ಕಂಪನಿಯೇ ಗೆರೆ ಎಳೆದು, ಪಿಸ್ಟನ್ ಮತ್ತು ರಿಂಗ್ ಬದಲಿಸಿತು. ನಮ್ಮ ಲೆಕ್ಕಕ್ಕೆ ಅದು 1000 ಕಿಲೋಮೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್. ಸುಬಾರು ಕೂಡ ಗ್ರಾಹಕರು ಹಾಕಿದ ಇಂಥದೇ ಕೇಸಿನ 2016ರ ಒಪ್ಪಂದದಲ್ಲಿ ಕೆಲವು ಮಾಡೆಲ್‌ಗಳ ವಾರಂಟಿಯನ್ನು 8 ವರ್ಷ, 1 ಲಕ್ಷ ಮೈಲಿಗೆ ಏರಿಸಿತು.

ಬೋರೊಸ್ಕೋಪ್ ಹಾಕಿ ಅಂತ ಪಟ್ಟು ಹಿಡಿದೆ. ಸ್ಪಾರ್ಕ್ ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಎರಡನೇ ಸಿಲಿಂಡರಿನಲ್ಲಿ ಪಿಸ್ಟನ್ ತಲೆಯ ನಡುವೆ ಕಪ್ಪು, ಅಂಚಿನ ಸುತ್ತ ಮಾತ್ರ ಎಣ್ಣೆ ಹತ್ತಿ ಹಸಿಯಾಗಿ, ಕಾರ್ಬನ್ ತೊಳೆದುಹೋಗಿ ಲೋಹ ಹೊಳೆಯುತ್ತಿತ್ತು. ಅದೇ ಸಿಲಿಂಡರಿನ ಪ್ಲಗ್ ಒದ್ದೆ. ಮೆಕ್ಯಾನಿಕ್ ಏನೂ ಮಾತಾಡಲಿಲ್ಲ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ ಸರಿಯಾಗಿ ನಡೆದುಕೊಂಡ ಮನುಷ್ಯ ಅಂದರೆ ಅವನೇ.

42,900 ಕಿ.ಮೀ., ಕಾಗದ ಪತ್ರ

ಉತ್ತರ ಬರಲಿಲ್ಲ. "ಅಪ್ರೂವಲ್‌ಗೆ ಕಳಿಸಿದ್ದೇವೆ" ಅನ್ನುವುದೊಂದೇ ಮಾತು. ವಾರಂಟಿ ಮುಗಿಯುವ ತಾರೀಖು ಹತ್ತಿರ ಬರುತ್ತಿತ್ತು. ಡೀಲರಿಗೂ ಕಂಪನಿಗೂ ಒಂದೇ ಪತ್ರ, ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿದೆ. ಬೈಗುಳ ಇಲ್ಲ, ಕಥೆ ಇಲ್ಲ. ತಾರೀಖು, ಕಿಲೋಮೀಟರ್, ಹಾಕಿದ ಎಣ್ಣೆ, ಪುಸ್ತಕದ ಪುಟ, ಟೆಸ್ಟಿನ ಜಾಬ್ ಕಾರ್ಡ್, ಅಷ್ಟೇ. ಕೇಳಿದ್ದು ರಿಂಗ್ ರಿಪೇರಿ, ಹೊಸ ಕಾರಲ್ಲ. ಇದಕ್ಕೆ ಕಾರಣ ಇದೆ. ವಾರಂಟಿ ಷರತ್ತಿನ ಪ್ರಕಾರ ಕಂಪನಿಯ ಹೊಣೆ ದೋಷದ ಭಾಗವನ್ನು ಸರಿಮಾಡುವುದು ಅಥವಾ ಬದಲಿಸುವುದು, ಇಡೀ ಗಾಡಿ ಬದಲಿಸುವುದಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಒಂದು ಕಾರಿನ ಪ್ರಕರಣದಲ್ಲಿ ಹೇಳಿದೆ. ಹೊಸ ಕಾರು ಕೊಡಿ ಅಂತ ಕೂತರೆ ವರ್ಷಗಟ್ಟಲೆ ಕೂರಬೇಕಾದೀತು.

ಜೊತೆಗೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿದೆ. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದಾಟಿಸುತ್ತಾರೆ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಕಂಪನಿಯ ಹೆಡ್ ಆಫೀಸ್ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲೆಯಲ್ಲೇ ನಡೆಯುತ್ತದೆ. ನನ್ನ ಕಾರು 10 ಲಕ್ಷದ ಮೇಲೆ, 20ರ ಒಳಗೆ, ಶುಲ್ಕ 400 ರೂಪಾಯಿ. ವಕೀಲರು ಕಡ್ಡಾಯ ಅಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಅರ್ಜಿ ಬರೆದು ಇಟ್ಟುಕೊಂಡೆ, ಪತ್ರದ ಕೊನೆಯಲ್ಲಿ ಅದನ್ನೂ ತಿಳಿಸಿದ್ದೆ.

ಕಂಪನಿಯಿಂದ ಫೋನ್ ಬಂತು. ಗುಡ್‌ವಿಲ್ ಮೇಲೆ, ಅಂದರೆ ಹೊಣೆ ಅಂತಲ್ಲ, ಸೌಜನ್ಯಕ್ಕೆ ಮಾಡಿಕೊಡುತ್ತೇವೆ, ಲೇಬರ್ ನಿಮ್ಮದು ಅಂದರು. ವಾರಂಟಿಯೊಳಗೆ ದಾಖಲಾದ ದೂರಿಗೆ ಗುಡ್‌ವಿಲ್ ಯಾಕೆ ಅಂತ ಕೇಳಿ, ಜಾಬ್ ಕಾರ್ಡಿನ ನಂಬರ್‌ಗಳನ್ನು ಒಂದೊಂದಾಗಿ ಓದಿದೆ. ಆಮೇಲೆ ಲೇಬರ್ ಕೂಡ ಅವರದೇ ಆಯಿತು. ಸಹಿಗೆ ಬಂದ ಕಾಗದದಲ್ಲಿ "ಮುಂದೆ ಯಾವ ತಕರಾರೂ ಇಲ್ಲ" ಅನ್ನುವ ಸಾಲಿತ್ತು. ಅದನ್ನು ಹೊಡೆದುಹಾಕಿ, "ಇದೇ ತೊಂದರೆ ಮತ್ತೆ ಬಂದರೆ ನನ್ನ ಹಕ್ಕು ಉಳಿದಿರುತ್ತದೆ" ಅಂತ ಬರೆದು ಸಹಿ ಹಾಕಿದೆ. ಯಾರೂ ಏನೂ ಅನ್ನಲಿಲ್ಲ.

ಅದೇ ಮೀಟರ್, ಎಂಜಿನ್ ಬಿಚ್ಚಿದ ದಿನ

ಬಿಚ್ಚುವಾಗ ನಾನೂ ಭಾವನೂ ಎದುರಿಗೇ ಇರಬೇಕು ಅಂತ ಮೊದಲೇ ಹೇಳಿದ್ದೆ. ಎರಡನೇ ಪಿಸ್ಟನ್ ಕೈಗೆ ಕೊಟ್ಟರು. ಮೇಲಿನ ಎರಡು ರಿಂಗ್ ಬೆರಳಿಗೆ ಸಲೀಸಾಗಿ ತಿರುಗಿದವು. ಮೂರನೆಯದನ್ನು ಉಗುರಿನಿಂದ ಎಬ್ಬಿಸಿದರೂ ಏಳಲಿಲ್ಲ. ಕಪ್ಪಗೆ ಅರಗು ಹಾಕಿದ ಹಾಗೆ ಕಚ್ಚಿ ಕೂತಿತ್ತು, ಹಿಂದಿನ ತೂತು ಒಂದೂ ಕಾಣುತ್ತಿರಲಿಲ್ಲ. ಸಿಲಿಂಡರ್ ಗೋಡೆಯಲ್ಲಿ ಕಾರ್ಖಾನೆಯಲ್ಲೇ ಉಜ್ಜಿ ಮೂಡಿಸಿದ ಹೋನಿಂಗ್ ಗೆರೆಗಳು ಇನ್ನೂ ಸ್ಪಷ್ಟವಾಗಿದ್ದವು, ಹಾಗಾಗಿ ಬೋರ್ ಕೆಲಸ ಬೇಕಾಗಲಿಲ್ಲ. ಮೂರೂ ಪಿಸ್ಟನ್ ಹೊಸತು, ರಿಂಗ್ ಸೆಟ್ ಹೊಸತು, ವಾಲ್ವ್ ಸೀಲ್ ಕೂಡ ಬದಲಿಸಿದರು. ಟರ್ಬೊ ಪೈಪಿನಲ್ಲಿ ತೆಳ್ಳಗೆ ಎಣ್ಣೆ ಪಸೆ ಮಾತ್ರ ಇತ್ತು, ಅದು ಇರುವುದೇ.

44,000 ಕಿ.ಮೀ., ಇವತ್ತಿನ ಸ್ಥಿತಿ

ಹೊಸ ರಿಂಗ್ ಕೂರುವ ತನಕ ಸ್ವಲ್ಪ ಎಣ್ಣೆ ಹೋಗುತ್ತದೆ, ಅದಕ್ಕೆ ಮೊದಲ 500 ಕಿಲೋಮೀಟರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆಮೇಲಿನ ಓಟಕ್ಕೆ ತಕ್ಕಡಿ 40 ಗ್ರಾಂ ತೋರಿಸಿದೆ. ಆಗುಂಬೆ ಇಳಿದು ಹತ್ತಿದ್ದೂ ಇದರಲ್ಲಿ ಸೇರಿದೆ. ಭಾವ ಈ ಸಲವೂ ಹಿಂದೆ ಬಂದರು, ನೀಲಿ ಹೊಗೆ ಕಾಣಲಿಲ್ಲ ಅಂದರು.

ಬಾಕಿ ಇರುವುದು ಎರಡು. ಇಷ್ಟು ದಿನ ಸುಟ್ಟ ಎಣ್ಣೆಯಲ್ಲಿನ ರಂಜಕ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಅದನ್ನೂ ಪರೀಕ್ಷೆ ಮಾಡಿ ಬರೆದುಕೊಡಿ ಅಂತ ಕೇಳಿದ್ದೇನೆ, ಮುಂದಿನ ವಾರ ಕರೆದಿದ್ದಾರೆ. ಇನ್ನೊಂದು, ಇಷ್ಟು ಕಾಲ ನಾನು ಕೈಯಿಂದ ಕೊಟ್ಟ ಟಾಪ್ ಅಪ್ ಬಿಲ್ಲುಗಳು. ಮೊತ್ತ ದೊಡ್ಡದಲ್ಲ, ಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಬಿಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಇವತ್ತು ಬೆಳಿಗ್ಗೆ ಕಂಪನಿಗೆ ಇಮೇಲ್ ಹಾಕಿದ್ದೇನೆ.