ಒಂದು ಮೆಸೇಜ್ ಹಾಕಿದ್ರೆ ಸಾಲದಾ?

ಡಿಸೆಂಬರ್ ಶುರುವಾದರೆ ಸಾಕು, ಈ ಪ್ರಶ್ನೆ ನನಗೆ ಕಾಯಂ. ಊಟದ ಬಿಡುವಿನಲ್ಲಿ ಬ್ಯಾಗಿನಿಂದ ಕಾರ್ಡು, ಪೆನ್ನು ತೆಗೆದರೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ. ರೂಮಿನಲ್ಲಿ ಜೊತೆಗಿರುವ ಗೆಳತಿ ಕೇಳುತ್ತಾಳೆ. ಅಮ್ಮ ಕೂಡ ಕೇಳಿದ್ದಾಳೆ. "ಇಷ್ಟೊಂದು ಕೆಲಸ ಇಟ್ಕೊಂಡು, ನಿದ್ದೆಗೆಟ್ಟು, ಒಬ್ಬೊಬ್ಬರಿಗೂ ಕೈಯಲ್ಲಿ ಕ್ರಿಸ್‌ಮಸ್ ಕಾರ್ಡ್ ಬರೀತೀಯಲ್ಲ, ಯಾಕೆ? ಒಂದು ಮೆಸೇಜ್ ಹಾಕಿದ್ರೆ ಸಾಲದಾ?"

ಪ್ರತಿ ಸಲ "ಸುಮ್ನೆ, ನಂಗಿಷ್ಟ" ಎಂದು ಮಾತು ಮುಗಿಸುತ್ತಿದ್ದೆ. ಅದು ಪೂರ್ತಿ ಉತ್ತರ ಅಲ್ಲ. ಪೂರ್ತಿ ಹೇಳಬೇಕೆಂದರೆ ನಾನೇ ಕಳಿಸಿದ ಒಂದು ಹಳೇ ಮೆಸೇಜಿನಿಂದ ಶುರು ಮಾಡಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ನನಗಾಗ 26. ಹಣ ಪಾವತಿಯ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿದ್ದೆ, ಈಗಲೂ ಅದೇ ಕೆಲಸ. ಡಿಸೆಂಬರ್ ಅಂದರೆ ನಮಗೆ ಫ್ರೀಝ್. ಜನ ಜಾಸ್ತಿ ಖರೀದಿ ಮಾಡುವ ದಿನಗಳಲ್ಲಿ ಏನೋ ಮುಟ್ಟಲು ಹೋಗಿ ಏನೋ ಕೆಡಬಾರದು ಅಂತ ಹೊಸ ಬದಲಾವಣೆಗಳನ್ನೆಲ್ಲ ನಿಲ್ಲಿಸಿಬಿಡುತ್ತಾರೆ. ಕೇಳಿದವರಿಗೆ ರಜೆಯಂತೆ ಅನಿಸುತ್ತೆ. ಆದರೆ ಫ್ರೀಝ್ ಆಗುವ ಮೊದಲು ಬಾಕಿ ಇರುವುದನ್ನೆಲ್ಲ ಮುಗಿಸಬೇಕಲ್ಲ, ಆ ಎರಡು ಮೂರು ವಾರ ತಲೆ ಎತ್ತಲು ಆಗುವುದಿಲ್ಲ. ಆಮೇಲೆ ಆನ್‌ಕಾಲ್ ಸರದಿ, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಏನಾದರೂ ಕೆಟ್ಟರೆ ನೋಡಿ ಸರಿಮಾಡುವ ಪಾಳಿ. ಆ ವರ್ಷ 24ರ ರಾತ್ರಿ ನನ್ನದು.

ಹನ್ನೊಂದು ಮುಕ್ಕಾಲಿಗೆ ಒಂದು ಅಲರ್ಟ್ ಬಂತು. ದೊಡ್ಡದೇನಲ್ಲ, ಆದರೆ ನೋಡಲೇಬೇಕು. ಸರಿ ಮಾಡಿ ಲ್ಯಾಪ್‌ಟಾಪ್ ಮುಚ್ಚುವಾಗ ಹನ್ನೆರಡೂವರೆ. ಫೋನ್ ತೆಗೆದೆ. ಒಂದು ನಕ್ಷತ್ರದ ಚಿತ್ರ ಹುಡುಕಿ, ಕೆಳಗೆ "ನಿಮಗೂ ನಿಮ್ಮ ಕುಟುಂಬದವರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು" ಎಂದು ಬರೆದು, ಹೆಸರುಗಳ ಮೇಲೆ ಬೆರಳು ಒತ್ತುತ್ತಾ ಹೋದೆ. ಅರವತ್ತು ಎಪ್ಪತ್ತು ಜನರಿಗೆ ಹೋಯಿತು. ಎರಡು ನಿಮಿಷ ಹಿಡಿಯಿತಷ್ಟೇ.

ಅವನಿಗೂ ಅದೇ ಹೋಯಿತು. ಆಗ ನಾವು ಪ್ರೀತಿಸಲು ಶುರು ಮಾಡಿ ಮೂರು ವರ್ಷ. ಇಬ್ಬರದೂ ಬೇರೆ ಬೇರೆ ಊರಿನಲ್ಲಿ ಕೆಲಸ. ನನ್ನ ಕೆಲಸ ಮುಗಿಯಲಿ ಅಂತ ಅವನು ಎಚ್ಚರವಾಗಿ ಕಾಯುತ್ತಿದ್ದ. ಕೂಡಲೇ ಉತ್ತರ ಬಂತು.

"ಇದು ನನಗಾ, ಎಲ್ಲರಿಗಾ?"

ಕೋಪದಲ್ಲಿ ಕೇಳಿದ್ದಲ್ಲ. ಅವನಿಗೆ ಕೋಪ ಬರುವುದೇ ಕಡಿಮೆ. ನಾನು ಕಳಿಸಿದ್ದನ್ನು ಇನ್ನೊಂದು ಸಲ ಓದಿದೆ. ಮೂರು ವರ್ಷ ನೀನು, ನಿನಗೆ, ನಿನ್ನ ಅಂತಲೇ ಮಾತಾಡಿದವನಿಗೆ "ನಿಮಗೂ ನಿಮ್ಮ ಕುಟುಂಬದವರಿಗೂ" ಎಂದು ಬರೆದಿದ್ದೆ. ಒಂದೇ ಅಕ್ಷರದ ವ್ಯತ್ಯಾಸ. ನಿನಗೆ ಅನ್ನುವುದು ನಿಮಗೆ ಆಗಿತ್ತು. ಅವನು ಅರವತ್ತು ಜನರಲ್ಲಿ ಒಬ್ಬನಾಗಿದ್ದ.

ಐದು ತಿಂಗಳಾದ ಮೇಲೆ ನಾವು ಬೇರೆಯಾದೆವು. ಆ ಮೆಸೇಜಿನಿಂದ ಅಂದರೆ ಸುಳ್ಳಾಗುತ್ತದೆ. ಯಾರು ಯಾರ ಊರಿಗೆ ಬರಬೇಕು ಅನ್ನುವುದರಿಂದ ಹಿಡಿದು ಹತ್ತು ಕಾರಣ ಇದ್ದವು. ಆದರೆ ಹೆಚ್ಚಿನವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಅವನು ಫೋನ್ ಮಾಡಿದಾಗ ನಾನು ಸ್ಪೀಕರ್ ಹಾಕಿ ಟೈಪ್ ಮಾಡುತ್ತಲೇ ಮಾತಾಡುತ್ತಿದ್ದೆ. ಕೀಬೋರ್ಡಿನ ಸದ್ದು ಅವನಿಗೆ ಕೇಳಿಸುತ್ತಿತ್ತು. ಆ ಸದ್ದು ನಿಲ್ಲುವವರೆಗೆ ಅವನು ಸುಮ್ಮನಿರುತ್ತಿದ್ದ. ನಿಂತಮೇಲೆ, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಮತ್ತೆ ಶುರು ಮಾಡುತ್ತಿದ್ದ. ಈಗ ನೆನೆಸಿಕೊಂಡರೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಕೆಲಸದ ಮೇಲೆ ನನ್ನ ದೂರಿಲ್ಲ. ನನಗೆ ನನ್ನ ಕೆಲಸ ಇಷ್ಟ. ರಾತ್ರಿ ಒಂದು ಗಂಟೆಗೆ ಯಾರೋ ಎಲ್ಲೋ ಔಷಧಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಹಣ ಸರಿಯಾಗಿ ಹೋಗುತ್ತದಲ್ಲ, ಅದರ ಹಿಂದೆ ನಾವು ಇದ್ದೇವೆ ಅನ್ನುವುದು ಸಣ್ಣ ಸಂತೋಷವಲ್ಲ.

ಹಾಗೆ ನೋಡಿದರೆ ಮೆಸೇಜಿನ ಮೇಲೂ ದೂರಿಲ್ಲ. ಮೊಬೈಲಿಗೆ ಬಂದ ಮೊಟ್ಟಮೊದಲ ಎಸ್‌ಎಂಎಸ್ ಯಾವುದು ಗೊತ್ತಾ? ಕ್ರಿಸ್‌ಮಸ್ ಶುಭಾಶಯ! 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ 22 ವರ್ಷದ ಎಂಜಿನಿಯರ್ ಕಂಪ್ಯೂಟರಿನಲ್ಲಿ "ಮೆರ್ರಿ ಕ್ರಿಸ್‌ಮಸ್" ಎಂದು ಟೈಪ್ ಮಾಡಿ, ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕಳಿಸಿದರು. ಜಾರ್ವಿಸ್ ಆಗ ಆಫೀಸಿನ ಕ್ರಿಸ್‌ಮಸ್ ಪಾರ್ಟಿಯಲ್ಲಿದ್ದರು. ವಾಪಸ್ ಉತ್ತರ ಬರೆಯಲು ಅವರ ಕೈಯಲ್ಲಿದ್ದ ಫೋನಿಗೆ ಆಗುತ್ತಿರಲಿಲ್ಲ. ನನಗೆ ಈ ಕಥೆ ತುಂಬಾ ಹಿಡಿಸುತ್ತದೆ. ನನಗಿಂತ ಚಿಕ್ಕ ವಯಸ್ಸಿನ ಎಂಜಿನಿಯರ್ ಒಬ್ಬ ಡ್ಯೂಟಿಯಲ್ಲಿ ಕೂತು ಹೊಸ ಸಿಸ್ಟಮ್ ಪರೀಕ್ಷೆ ಮಾಡಬೇಕಾಗಿತ್ತು. ಏನು ಬೇಕಾದರೂ ಟೈಪ್ ಮಾಡಬಹುದಿತ್ತು. ಅವನ ಕೈಗೆ ಬಂದದ್ದು ಹಬ್ಬದ ಹಾರೈಕೆ. ಅದು ಹೋದದ್ದು ಒಬ್ಬರಿಗೆ ಮಾತ್ರ.

ಹಾಗಾದರೆ ಕಾರ್ಡೇ ಯಾಕೆ? ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದೂ ಸಮಯ ಉಳಿಸುವುದಕ್ಕೇ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅಂತ ಒಬ್ಬ ಸರ್ಕಾರಿ ಅಧಿಕಾರಿ ಇದ್ದರು. ವಯಸ್ಸು 35, ಕೈ ತುಂಬ ಕೆಲಸ. ಅದಕ್ಕೆ ಮೂರು ವರ್ಷ ಮೊದಲು ಬ್ರಿಟನ್ನಿನಲ್ಲಿ ಪೆನ್ನಿ ಎಂಬ ಒಂದು ಚಿಕ್ಕ ನಾಣ್ಯಕ್ಕೆ ಎಷ್ಟು ದೂರಕ್ಕೆ ಬೇಕಾದರೂ ಕಾಗದ ಕಳಿಸುವ ಅಂಚೆ ವ್ಯವಸ್ಥೆ ಬಂದಿತ್ತು. ಅದನ್ನು ತರಲು ದುಡಿದವರಲ್ಲಿ ಕೋಲ್ ಕೂಡ ಒಬ್ಬರು. ಕಾಗದಗಳು ಬಂದು ಬಂದು ರಾಶಿ ಬಿದ್ದವು. ಎಲ್ಲರಿಗೂ ಉತ್ತರ ಬರೆಯಲು ಪುರುಸೊತ್ತಿಲ್ಲ, ಬರೆಯದೇ ಇದ್ದರೆ ಮನಸ್ಸು ಕೇಳುವುದಿಲ್ಲ. ಕೊನೆಗೆ ಜಾನ್ ಹಾರ್ಸ್‌ಲೀ ಎಂಬ ಕಲಾವಿದ ಗೆಳೆಯನಿಂದ ಒಂದು ಚಿತ್ರ ಬರೆಸಿ ಅಚ್ಚು ಹಾಕಿಸಿದರು. ನಡುವೆ ಮೇಜಿನ ಸುತ್ತ ಕೂತ ಒಂದು ಕುಟುಂಬ. ಎರಡು ಪಕ್ಕದಲ್ಲಿ ಬಡವರಿಗೆ ಊಟ ಬಟ್ಟೆ ಕೊಡುವ ಚಿತ್ರ. ಮಿಕ್ಕ ಕಾರ್ಡುಗಳು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟವಾದವು.

ಆ ಕಾರ್ಡಿನಲ್ಲಿ ನನಗೆ ಮುಖ್ಯ ಅನಿಸುವುದು ಚಿತ್ರವಲ್ಲ. ಮೇಲೊಂದು, ಕೆಳಗೊಂದು ಖಾಲಿ ಜಾಗ ಬಿಟ್ಟಿದ್ದರು. ಯಾರಿಗೆ ಅಂತ ಒಂದು, ಯಾರಿಂದ ಅಂತ ಇನ್ನೊಂದು. ಶುಭಾಶಯ ಅಚ್ಚಾಗಿತ್ತು, ಹೆಸರನ್ನು ಮಾತ್ರ ಕೈಯಲ್ಲೇ ಬರೆಯಬೇಕಿತ್ತು. ಅಷ್ಟು ಅವಸರದಲ್ಲಿದ್ದ ಮನುಷ್ಯ ಕೂಡ ಪ್ರತಿ ಕಾರ್ಡಿಗೂ ಒಂದು ಗಳಿಗೆ ನಿಂತು, ಆ ಒಬ್ಬರನ್ನು ನೆನೆಸಿಕೊಂಡೇ ಮುಂದೆ ಹೋಗಬೇಕಿತ್ತು. ನಾನು ಹೆಸರುಗಳ ಮೇಲೆ ಬೆರಳು ಒತ್ತುತ್ತಾ ಹೋದ ರಾತ್ರಿ ಹಾಗೆ ಒಂದು ಕಡೆಯೂ ನಿಂತಿರಲಿಲ್ಲ.

ಅದಕ್ಕೇ ಮುಂದಿನ ಡಿಸೆಂಬರಿನಲ್ಲಿ ಕಾರ್ಡು ತಂದೆ. ಪಟ್ಟಿ ಮಾಡಲು ಕೂತಾಗಲೇ ಗಾಬರಿಯಾಯಿತು. ಆಪ್ತರು ಅಂತ ನಾನು ಅಂದುಕೊಂಡಿದ್ದ ಎಷ್ಟೋ ಜನರ ಈಗಿನ ವಿಳಾಸವೇ ನನ್ನ ಹತ್ತಿರ ಇರಲಿಲ್ಲ. ಒಬ್ಬಳು ಮನೆ ಬದಲಾಯಿಸಿ ಎರಡು ವರ್ಷ ಆಗಿತ್ತಂತೆ. ವಿಳಾಸ ಕೇಳಲು ಫೋನ್ ಮಾಡಿದಾಗಲೇ ಗೊತ್ತಾಗಿದ್ದು.

ಆಮೇಲೆ ಓದಿದ್ದು: 2003ರಲ್ಲಿ ರಸೆಲ್ ಹಿಲ್ ಮತ್ತು ರಾಬಿನ್ ಡನ್‌ಬಾರ್ ಎಂಬ ಸಂಶೋಧಕರು ಬ್ರಿಟನ್ನಿನ ಜನರ ನಂಟಿನ ಬಳಗ ಎಷ್ಟು ದೊಡ್ಡದು ಅಂತ ಅಳೆಯಲು ಆರಿಸಿಕೊಂಡಿದ್ದು ಇದನ್ನೇ, ಅವರು ಕಳಿಸುವ ಕ್ರಿಸ್‌ಮಸ್ ಕಾರ್ಡುಗಳ ಪಟ್ಟಿ. ಕಾರ್ಡ್ ಕೊಳ್ಳಬೇಕು, ಬರೆಯಬೇಕು, ಅಂಚೆಗೆ ಹಾಕಬೇಕು. ಬೇಡದವರಿಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ ಅಲ್ವಾ? ಕಾರ್ಡ್ ಹೋಗುವ ಮನೆಯವರನ್ನೆಲ್ಲ ಲೆಕ್ಕ ಹಾಕಿದರೆ ಸರಾಸರಿ 150ರ ಆಸುಪಾಸು ಬಂತು. ನನ್ನ ಪಟ್ಟಿ ಆ ವರ್ಷ 19 ಹೆಸರಿಗೆ ನಿಂತಿತು. ಫೋನಿನಲ್ಲಿ ಇದ್ದದ್ದು 800 ನಂಬರು.

ಇನ್ನೊಂದು ಅಧ್ಯಯನ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದೆ. ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ್ದು. ಬರೀ ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು, ಗೆಳೆಯರು ಅನ್ನಿಸಿಕೊಳ್ಳಲು ಸುಮಾರು 90, ಆಪ್ತರಾಗಲು 200ಕ್ಕೂ ಹೆಚ್ಚು. ಓದಿದ ಕೂಡಲೇ ನಾನು ಲೆಕ್ಕ ಹಾಕಿದೆ. ವಾರಕ್ಕೆ 45 ಗಂಟೆ ಆಫೀಸು. ಐದು ವಾರಕ್ಕೆ 225. ಅಂದರೆ ತಂಡದವರೆಲ್ಲ ನನ್ನ ಆಪ್ತರಾಗಿರಬೇಕಿತ್ತು. ಆದರೆ ಅದೇ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ. ಜೊತೆಯಲ್ಲಿ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಸುಮ್ಮನೆ ಕೂತು ಹರಟಿದ್ದು, ಹೊತ್ತು ಕಳೆದದ್ದು, ಅದೇ ಬಂಧ ಬೆಳೆಸುವುದು.

ನಿಜ ಅನಿಸಿತು. ನನ್ನ ಪಕ್ಕದ ಸೀಟಿನವರ ಜೊತೆ ಎರಡು ವರ್ಷ ಕೆಲಸ ಮಾಡಿದ್ದೆ. ಅವರ ಕೋಡಿನಲ್ಲಿ ತಪ್ಪು ಎಲ್ಲಿರುತ್ತದೆ ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಅವರ ತಂದೆ ತೀರಿಕೊಂಡಿದ್ದು ನನಗೆ ತಿಳಿದದ್ದು ಏಳು ತಿಂಗಳ ಮೇಲೆ, ಕಾರ್ಡಿನಲ್ಲಿ ಏನು ಬರೆಯಲಿ ಅಂತ ಅವರ ಮನೆಯವರ ಬಗ್ಗೆ ಕೇಳಿದಾಗ. ಆವತ್ತು ನಾವಿಬ್ಬರೂ ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆವು. ಲ್ಯಾಪ್‌ಟಾಪ್ ಒಳಗೇ ಇತ್ತು.

ಕೆಲವರು ಕೇಳುತ್ತಾರೆ, "ವರ್ಷವಿಡೀ ಮಾತಾಡದವರಿಗೆ ಈಗ ಇದ್ದಕ್ಕಿದ್ದ ಹಾಗೆ ಕಾರ್ಡ್ ಹೋದರೆ ಅವರಿಗೆ ಮುಜುಗರ ಆಗಲ್ವಾ?" ನನಗೂ ಆ ಅಳುಕಿತ್ತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಇಂಥದ್ದನ್ನೇ ಪರೀಕ್ಷಿಸಿದ್ದರು. ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಓದಿದವರಿಗೆ ಹೇಗನಿಸಬಹುದು ಅಂತ ಊಹೆ ಕೇಳಿದರು. ಮುಜುಗರ ಆಗುತ್ತದೆ ಅಂತ ಬರೆದವರು ಅಂದುಕೊಂಡಿದ್ದೇ ಜಾಸ್ತಿ, ಓದಿದವರಿಗೆ ಅಷ್ಟೇನೂ ಆಗಿರಲಿಲ್ಲ. ಖುಷಿ ಮಾತ್ರ ಊಹೆಗಿಂತ ಹೆಚ್ಚು ಆಗಿತ್ತು. ಪದ ಸರಿ ಬಂತಾ ಅಂತ ಬರೆಯುವವರು ತಲೆ ಕೆಡಿಸಿಕೊಳ್ಳುತ್ತಾರೆ, ಓದುವವರು ಅದರೊಳಗಿನ ಪ್ರೀತಿ ನೋಡುತ್ತಾರೆ.

ನನಗೆ ಇದನ್ನು ತೋರಿಸಿಕೊಟ್ಟವಳು ನನ್ನ ಕಾಲೇಜಿನ ಗೆಳತಿ. ಅವಳು ನರ್ಸ್. ಕ್ರಿಸ್‌ಮಸ್ ರಾತ್ರಿ ಅವಳಿಗೆ ಹೆಚ್ಚಿನ ವರ್ಷ ಡ್ಯೂಟಿ ಇರುತ್ತದೆ. ನಮ್ಮಿಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ, ಸುಮ್ನೆ ಮಾತು ಕಡಿಮೆಯಾಗುತ್ತಾ ಬಂದು ಹನ್ನೊಂದು ತಿಂಗಳು ನಿಂತೇ ಹೋಗಿತ್ತು. ಮೊದಲ ವರ್ಷದ ಕಾರ್ಡಿನಲ್ಲಿ ಅವಳಿಗೆ ಮೂರೇ ಸಾಲು ಬರೆದಿದ್ದೆ. "ಪರೀಕ್ಷೆಯ ಹಿಂದಿನ ರಾತ್ರಿ ನೀನು ನನಗೆ ಪಾಠ ಓದಿ ಹೇಳಿದ್ದು ನೆನಪಿದೆ. ನಿನ್ನ ಧ್ವನಿ ಕೇಳಿ ತುಂಬಾ ದಿನ ಆಯ್ತು. ಇವತ್ತು ರಾತ್ರಿ ನೀನು ಯಾರ ಹಾಸಿಗೆಯ ಪಕ್ಕ ನಿಂತಿದ್ದೀಯೋ, ಅವರು ಪುಣ್ಯವಂತರು." ಕಳಿಸಿದ ಮೇಲೆ, ಅತಿಯಾಯಿತೇನೋ ಅಂತ ಎರಡು ದಿನ ಒದ್ದಾಡಿದೆ.

ಮಾರ್ಚಿನಲ್ಲಿ ಸಿಕ್ಕಳು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಕೊರಳಿನಲ್ಲಿ ಇನ್ನೂ ಐಡಿ ಕಾರ್ಡ್. ಮಾತಿನ ನಡುವೆ ಅದರ ಪ್ಲಾಸ್ಟಿಕ್ ಚೀಲದೊಳಗೆ ಬೆರಳು ಹಾಕಿ, ತನ್ನ ಫೋಟೋದ ಹಿಂದಿನಿಂದ ಏನೋ ಎಳೆದಳು. ನನ್ನ ಕಾರ್ಡಿನ ಒಳಪುಟ. ಬರೆದ ಭಾಗವನ್ನಷ್ಟೇ ಕತ್ತರಿಸಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಮಡಿಕೆಯ ಜಾಗದಲ್ಲಿ ಕಾಗದ ಸವೆದು ಬಿಳಿಯಾಗಿತ್ತು. "ಹಾಸಿಗೆಯ" ಅನ್ನುವಲ್ಲಿ ಒಂದು ಹನಿ ನೀರು ಬಿದ್ದು ಶಾಯಿ ಹರಡಿತ್ತು. "ಕೈ ತೊಳೆದು ಒದ್ದೆ ಕೈಯಲ್ಲೇ ತೆಗೆದುಬಿಟ್ಟೆ ಕಣೇ" ಅಂದಳು, ನನ್ನದೇನೋ ಹಾಳು ಮಾಡಿದವಳ ಹಾಗೆ. ನನಗೆ ಮಾತೇ ಹೊರಡಲಿಲ್ಲ.

ತಡವಾದರೂ ನಾನು ಕಳಿಸುತ್ತೇನೆ. ಬೇರೆ ದೇಶದಲ್ಲಿ ಕೂತು ನಮ್ಮ ತಂಡದ ಜೊತೆ ಕೆಲಸ ಮಾಡುವ ಒಬ್ಬರಿಗೆ ನನ್ನ ಕಾರ್ಡ್ ಜನವರಿ ಮೊದಲ ವಾರದಲ್ಲಿ ಸೇರಿತು. ಕ್ಷಮೆ ಕೇಳಿದೆ. ಅವರು ನಕ್ಕು, "ಇಲ್ಲ, ಸರಿಯಾದ ಹೊತ್ತಿಗೇ ಬಂತು" ಅಂದರು. ಅವರದು ಆರ್ಥೊಡಾಕ್ಸ್ ಎಂಬ ಕ್ರೈಸ್ತ ಪಂಗಡದ ಚರ್ಚ್. ಹಬ್ಬಗಳಿಗೆ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಪಾಲಿಸುತ್ತಾರೆ. ಅದು ಈಗ 13 ದಿನ ಹಿಂದಿದೆ. ಹಾಗಾಗಿ ಅವರ ಡಿಸೆಂಬರ್ 25 ನಮ್ಮ ಲೆಕ್ಕದಲ್ಲಿ ಜನವರಿ 7. ಎರಡು ವರ್ಷ ದಿನಾ ಬೆಳಗ್ಗೆ ಕಾಲ್‌ನಲ್ಲಿ ಅವರ ಮುಖ ನೋಡಿದ್ದೇನೆ, ಇದೊಂದು ನನಗೆ ಗೊತ್ತಿರಲಿಲ್ಲ. ಈಗ ಅವರ ಹೆಸರಿನ ಮುಂದೆ ಬೇರೆ ತಾರೀಕು ಬರೆದಿಟ್ಟುಕೊಂಡಿದ್ದೇನೆ.

ಮತ್ತೆ ಅವನು? ಇದನ್ನೂ ಕೇಳುತ್ತಾರೆ, ಮೆಲ್ಲಗೆ. ಹೌದು, ಅವನಿಗೂ ಬರೆಯುತ್ತೇನೆ. ಮತ್ತೆ ಒಂದಾಗಬೇಕೆಂದಲ್ಲ. ಮೂರು ವರ್ಷ ಒಬ್ಬ ಮನುಷ್ಯ ನನ್ನ ಕೀಬೋರ್ಡಿನ ಸದ್ದು ನಿಲ್ಲಲಿ ಅಂತ ಕಾದಿದ್ದಾನೆ. ಅವನಿಗೆ ಸದ್ದಿಲ್ಲದ ಹತ್ತು ನಿಮಿಷ ಕೊಡಬೇಕು ಅನಿಸುತ್ತದೆ. ಮೊದಲ ಎರಡು ವರ್ಷ ಉತ್ತರ ಬರಲಿಲ್ಲ. ಹೋದ ಜನವರಿಯಲ್ಲಿ ಒಂದು ಕಾರ್ಡ್ ಬಂತು. ಅವನ ಅಕ್ಷರ ಸ್ವಲ್ಪ ಎಡಕ್ಕೆ ವಾಲುತ್ತದೆ, ಲಕೋಟೆ ನೋಡಿದ ಕೂಡಲೇ ಗೊತ್ತಾಯಿತು. ಒಳಗೆ ಶುಭಾಶಯ ಇರಲಿಲ್ಲ. "ನೀನು ಈಗ ಸರಿಯಾಗಿ ನಿದ್ದೆ ಮಾಡ್ತೀಯಾ?" ಅಂತ ಶುರುವಾಗಿತ್ತು.

ಈ ವರ್ಷ ಪಟ್ಟಿಯಲ್ಲಿ 31 ಹೆಸರು. ನಿನ್ನೆ ರಾತ್ರಿಗೆ 12 ಮುಗಿದಿವೆ. ಫ್ರೀಝ್‌ಗೆ ಇನ್ನೂ ಆರು ದಿನ ಇದೆ, ನಾಳೆ ಬೆಳಗ್ಗೆ ಎಂಟಕ್ಕೆ ಮೀಟಿಂಗ್. ಈಗ ಹದಿಮೂರನೆಯ ಕಾರ್ಡ್ ನನ್ನ ಮುಂದಿದೆ. "ಮಾಡ್ತೀನಿ" ಅಂತ ಬರೆದಿದ್ದೇನೆ. ಮುಂದಿನ ಸಾಲು ಯೋಚಿಸಬೇಕು.