ಎಪಿ ಜಾಯಿನ್ ಆಗದಿದ್ದರೆ ಎಲ್ಲಿ ನಿಂತಿದೆ ನೋಡಿ

ಅಂಧೇರಿ ಪೂರ್ವ, ಮುಂಬೈ
12 ಜುಲೈ 2024, ಶುಕ್ರವಾರ

ಮೂರನೇ ಮಹಡಿಯ ಸೀಲಿಂಗ್‌ಗೆ ಹೊಸ ಎಪಿಗಳು (ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಕೊಡುವ ಪೆಟ್ಟಿಗೆಗಳು) ಏರಿವೆ. ಇವನ್ನೆಲ್ಲ ನಡೆಸುವ ಕಂಟ್ರೋಲರ್‌ಗೆ ಎಪಿ ಹೋಗಿ ಸೇರುವುದೇ ಜಾಯಿನ್. ಊರ ಕಡೆಯಿಂದ ಈಚೆಗೆ ಬಂದು ಸೇರಿದ ಹುಡುಗರದು ಒಂದೇ ಮಾತು: "ಅಣ್ಣ, ಎಪಿ ಬರ್ತಾ ಇಲ್ಲ." ಅಷ್ಟು ಹೇಳಿದರೆ ಏನು ಮಾಡಲಿಕ್ಕಾಗುತ್ತದೆ? ಐಪಿ ಸಿಕ್ಕಿಲ್ಲವೋ, ಡಿಸ್ಕವರಿಗೆ (ಕಂಟ್ರೋಲರ್ ಹುಡುಕುವ ಕೂಗಿಗೆ) ಉತ್ತರ ಬಂದಿಲ್ಲವೋ, ಡಿಟಿಎಲ್‌ಎಸ್ (ಇಬ್ಬರ ನಡುವಿನ ಗೂಢಲಿಪಿ ಸಂಪರ್ಕ) ಮುರಿಯಿತೋ, ಇಮೇಜ್ (ಎಪಿಯ ಸಾಫ್ಟ್‌ವೇರ್) ಇಳಿಯುತ್ತಿದೆಯೋ? ಲಾಗ್ ನೋಡಿ ಇದರಲ್ಲಿ ಒಂದನ್ನು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಡಿಸ್ಕವರಿ. ಎಪಿ ಮತ್ತು ಕಂಟ್ರೋಲರ್ ಒಂದೇ ವಿಲ್ಯಾನ್‌ನಲ್ಲಿದ್ದರೆ (ಸ್ವಿಚ್‌ನಲ್ಲಿ ಬೇರ್ಪಡಿಸಿದ ಒಂದೇ ಜಾಲದಲ್ಲಿದ್ದರೆ) ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಕೇಳುವ ಕೂಗು, ಸಾಕು. ಬೇರೆ ಬೇರೆ ಇದ್ದರೆ ಕಂಟ್ರೋಲರ್‌ನ ವಿಳಾಸ ಹೇಳಲು ಡಿಎಚ್‌ಸಿಪಿಯ (ಐಪಿ ಹಂಚುವ ಸೇವೆಯ) ಆಪ್ಷನ್ 43 ಅಥವಾ ಡಿಎನ್‌ಎಸ್ ಬೇಕು. ಸಿಸ್ಕೋ ಎಪಿಗೆ ಆಪ್ಷನ್ 43 ಬರೆಯುವ ರೀತಿ: ಮೊದಲು ಎಫ್1, ನಂತರ ಉದ್ದ (ಒಂದು ಕಂಟ್ರೋಲರ್‌ಗೆ 04, ಎರಡಕ್ಕೆ 08), ಆಮೇಲೆ ಹೆಕ್ಸ್‌ನಲ್ಲಿ ಐಪಿ. 192.168.10.5 ಆದರೆ ಎಫ್1 04 ಸಿ0 ಎ8 0ಎ 05. ಎರಡನೇ ಕಂಟ್ರೋಲರ್ ಸೇರಿಸಿ 04 ಅನ್ನು ಹಾಗೇ ಬಿಡುವುದು ಎಲ್ಲರೂ ಮಾಡುವ ಎಡವಟ್ಟು.

ಎಪಿ ಮತ್ತು ಕಂಟ್ರೋಲರ್ ಮಾತಾಡುವ ಭಾಷೆ ಕ್ಯಾಪ್‌ವ್ಯಾಪ್. ಅದಕ್ಕೆ ಯುಡಿಪಿ ಪೋರ್ಟ್ 5246 ಕಂಟ್ರೋಲ್, 5247 ಡೇಟಾ. ಫೈರ್‌ವಾಲ್‌ನವರು ಮೊದಲನೆಯದನ್ನು ಮಾತ್ರ ತೆರೆದರೆ ಎಪಿ ಜಾಯಿನ್ ಆದಂತೆ ಕಾಣುತ್ತದೆ, ಲೋಕಲ್ ಮೋಡ್‌ನಲ್ಲಿ (ಡೇಟಾ ಎಲ್ಲ ಕಂಟ್ರೋಲರ್ ಮೂಲಕ ಹೋಗುವ ಮೋಡ್) ಕ್ಲೈಂಟ್‌ಗೆ, ಅಂದರೆ ಬಳಸುವವರ ಫೋನ್, ಲ್ಯಾಪ್‌ಟಾಪ್‌ಗೆ, ಐಪಿ ಮಾತ್ರ ಸಿಗುವುದಿಲ್ಲ. ಆಗ ಎಲ್ಲರೂ ಡಿಎಚ್‌ಸಿಪಿ ಸರ್ವರ್ ಹುಡುಕುತ್ತಾ ಕೂರುತ್ತಾರೆ.

ಡಿಸ್ಕವರಿಗೆ ಉತ್ತರ ಬಂದ ಮೇಲೂ ನಿಂತರೆ ಸಂಶಯ ಡಿಟಿಎಲ್‌ಎಸ್ ಮೇಲೆ. ಕಂಟ್ರೋಲರ್‌ನ ಗಡಿಯಾರ ತಪ್ಪಿದ್ದರೆ ಸರ್ಟಿಫಿಕೇಟ್ ಒಪ್ಪುವುದಿಲ್ಲ, ಹಾಗಾಗಿ ಎನ್‌ಟಿಪಿ (ಸಮಯ ಸರಿಹೊಂದಿಸುವ ಸೇವೆ) ಮೊದಲು ನೋಡಿ. ಗೋಡೌನ್‌ನಿಂದ ತೆಗೆದ ಹಳೇ ಎಪಿಗಳಲ್ಲಿ ಕಾರ್ಖಾನೆಯಲ್ಲೇ ಹಾಕಿದ ಸರ್ಟಿಫಿಕೇಟ್‌ನ ಅವಧಿಯೇ ಮುಗಿದಿರಬಹುದು. ಪುಣೆ ಬ್ರಾಂಚ್‌ನಂತೆ ವಿಪಿಎನ್ ಮೂಲಕ ಬರುವ ಎಪಿಯಾದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಕೂಡ ನೋಡಬೇಕು. ಎಪಿಯ ಕನ್ಸೋಲ್‌ನಲ್ಲಿ 'ಶೋ ಕ್ಯಾಪ್‌ವ್ಯಾಪ್ ಕ್ಲೈಂಟ್ ಆರ್‌ಸಿಬಿ', ಕಂಟ್ರೋಲರ್‌ನಲ್ಲಿ 'ಶೋ ವೈರ್‌ಲೆಸ್ ಸ್ಟ್ಯಾಟ್ಸ್ ಎಪಿ ಜಾಯಿನ್ ಸಮ್ಮರಿ': ಈ ಎರಡು ಕಮಾಂಡ್ ಬಾಯಿಪಾಠ ಇರಲಿ.

ಇಮೇಜ್ ಇಳಿಸಿ ರೀಬೂಟ್ ಆಗುವಾಗ ಕೇಬಲ್ ಕೀಳಬೇಡಿ. ಬೇಗ ಆಗಲಿ ಅಂತ ಕಿತ್ತು ಹಾಕುವ ಚಾಳಿ ನಮ್ಮವರಿಗೆ ಜಾಸ್ತಿ.

ಜಾಯಿನ್ ಆಯಿತು, ಎಸ್‌ಎಸ್‌ಐಡಿ (ವೈಫೈ ಹೆಸರು) ಕಾಣುತ್ತಿಲ್ಲ ಅಂದರೆ ಎಪಿಗೆ ಹಚ್ಚಿದ ಟ್ಯಾಗ್ ನೋಡಿ. ಸಿಸ್ಕೋ 9800 ಕಂಟ್ರೋಲರ್‌ನಲ್ಲಿ ಡಬ್ಲ್ಯೂಲ್ಯಾನ್ ಪ್ರೊಫೈಲ್ ಮತ್ತು ಪಾಲಿಸಿ ಪ್ರೊಫೈಲ್ ಅನ್ನು ಜೋಡಿಸುವುದು ಪಾಲಿಸಿ ಟ್ಯಾಗ್. ಲೋಕಲ್ ಮೋಡೋ ಫ್ಲೆಕ್ಸ್‌ಕನೆಕ್ಟೋ ಎಂದು ತೀರ್ಮಾನಿಸುವುದು ಸೈಟ್ ಟ್ಯಾಗ್. ಚಾನೆಲ್, ಪವರ್ ಆರ್‌ಎಫ್ ಟ್ಯಾಗ್‌ನಲ್ಲಿ. ಫ್ಲೆಕ್ಸ್‌ನಲ್ಲಿ ಲೋಕಲ್ ಸ್ವಿಚಿಂಗ್ (ಡೇಟಾ ಕಂಟ್ರೋಲರ್‌ಗೆ ಹೋಗದೆ ಎಪಿಯಿಂದಲೇ ಸ್ವಿಚ್‌ಗೆ ಇಳಿಯುವುದು) ಇದ್ದು ಎಸ್‌ಎಸ್‌ಐಡಿಗೊಂದು ವಿಲ್ಯಾನ್ ಇದ್ದರೆ ಸ್ವಿಚ್ ಪೋರ್ಟ್ ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವಂಥದ್ದು) ಆಗಿರಬೇಕು, ಲೋಕಲ್ ಮೋಡ್‌ಗೆ ಒಂದೇ ವಿಲ್ಯಾನ್‌ನ ಆಕ್ಸೆಸ್ ಪೋರ್ಟ್ ಸಾಕು. ಟ್ಯಾಗ್ ಬದಲಿಸಿದರೆ ಎಪಿ ಕಳಚಿಕೊಂಡು ಮತ್ತೆ ಜಾಯಿನ್ ಆಗುತ್ತದೆ, ಆದ್ದರಿಂದ ಆಫೀಸ್ ಹೊತ್ತಿನಲ್ಲಿ ಮುಟ್ಟಬೇಡಿ.

ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವುದು) ವಿಷಯ. 802.3ಎಎಫ್ ಪೋರ್ಟ್ ಕೊಡುವುದು 15.4 ವ್ಯಾಟ್, 802.3ಎಟಿ 30 ವ್ಯಾಟ್. ಹೊಸ ಎಪಿಯನ್ನು ಹಳೇ ಸ್ವಿಚ್‌ಗೆ ಚುಚ್ಚಿದರೆ ಅದು ಏಳುತ್ತದೆ, ಆದರೆ ರೇಡಿಯೋ ಅರ್ಧಂಬರ್ಧ. ಈ ಮಳೆಗಾಲದಲ್ಲಿ ಇನ್ನೊಂದು ಕಾಟ: ಎಸಿ ಡಕ್ಟ್‌ನಿಂದ ತೊಟ್ಟಿಕ್ಕಿದ ನೀರಿಗೆ ಆರ್‌ಜೆ45 ಪಿನ್‌ಗಳು ಹಸಿರುಗಟ್ಟುತ್ತವೆ. ಲಿಂಕ್ 100 ಎಂಬಿಗೆ ಇಳಿದಿದ್ದರೆ ಮೊದಲು ಕ್ರಿಂಪ್ ಕತ್ತರಿಸಿ ಹೊಸದು ಹಾಕಿ.

ಇಲ್ಲಿ ಡಿಎಫ್‌ಎಸ್ ಚಾನೆಲ್ (ರಾಡಾರ್ ಕಂಡರೆ ಬಿಟ್ಟುಕೊಡಬೇಕಾದ 5 ಗಿಗಾಹರ್ಟ್ಸ್ ಚಾನೆಲ್) ಕೊಡುವಾಗ ಎಚ್ಚರ. ಹತ್ತಿರದ ವೆರಾವಳಿಯಲ್ಲಿ ಹವಾಮಾನ ಇಲಾಖೆಯ ಸಿ ಬ್ಯಾಂಡ್ ಡಾಪ್ಲರ್ ರಾಡಾರ್ ಇದೆ. ಕೊಲಾಬಾದ ರಾಡಾರ್ ಎಸ್ ಬ್ಯಾಂಡ್, ಅಂದರೆ ಬೇರೆ ತರಂಗಾಂತರ, 5 ಗಿಗಾಹರ್ಟ್ಸ್‌ಗೆ ಅದರ ಗೊಡವೆ ಇಲ್ಲ. ರಾಡಾರ್ ಸದ್ದು ಕೇಳಿದ ಎಪಿ 10 ಸೆಕೆಂಡ್‌ನೊಳಗೆ ಚಾನೆಲ್ ಬಿಡಬೇಕು, 30 ನಿಮಿಷ ಅತ್ತ ಸುಳಿಯಬಾರದು. ಮತ್ತೊಂದು ಡಿಎಫ್‌ಎಸ್ ಚಾನೆಲ್‌ಗೆ ಹೋದರೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಂಡು ಕೂರಬೇಕು. ಅಷ್ಟರಲ್ಲಿ ಮೀಟಿಂಗ್ ರೂಮಿನ ಕಾಲ್ ಕಟ್. ಲಾಗ್‌ನಲ್ಲಿ ರಾಡಾರ್ ಪದೇ ಪದೇ ಬಂದರೆ 120, 124, 128 ಅನ್ನು ಪಟ್ಟಿಯಿಂದ ತೆಗೆಯಿರಿ. ಕಿಟಕಿ ಪಕ್ಕದ ಎಪಿಗೆ 36ರಿಂದ 48 ಅಥವಾ 149ರಿಂದ ಮೇಲಿನದು ಒಳ್ಳೆಯದು.

ಪವರ್ ಲೆವೆಲ್ 1 ಅಂದರೆ ಅತಿ ಹೆಚ್ಚು. ಸಂಖ್ಯೆ ಒಂದೊಂದು ಏರಿದಂತೆ ಸುಮಾರು 3 ಡಿಬಿ ಇಳಿಯುತ್ತದೆ. ನಾಲ್ಕಕ್ಕಿಂತ ಕಡಿಮೆ ಎಪಿ ಇರುವ ಮಹಡಿಯಲ್ಲಿ ಟಿಪಿಸಿ (ಕಂಟ್ರೋಲರ್ ತಾನಾಗಿ ಪವರ್ ಹೊಂದಿಸುವ ವ್ಯವಸ್ಥೆ) ಪವರ್ ಇಳಿಸುವುದಿಲ್ಲ, ಏಕೆಂದರೆ ಅದು ಅಳೆಯುವುದು ಮೂರನೇ ಬಲವಾದ ನೆರೆಯ ಎಪಿಯನ್ನು. ಅಂಥ ಕಡೆ ಆರ್‌ಎಫ್ ಪ್ರೊಫೈಲ್‌ನಲ್ಲಿ ಗರಿಷ್ಠ ಪವರ್‌ಗೆ ಕೈಯಾರೆ ಮಿತಿ ಹಾಕಿ.