ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ: ರೌಟರ್ ದುರಸ್ತಿಯ ಪ್ರಗತಿ ಟಿಪ್ಪಣಿ

ಮನೆಯ ರೌಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಪಿಪಿಪಿಒಇ (ಅಂತರಜಾಲ ಸೇವಾದಾರರ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್ ಹಾಗೂ ಪಾಸ್‌ವರ್ಡ್ ಮತ್ತೆ ತುಂಬಿದ ಬಳಿಕ, ಡೆಬಿಯನ್ 12 ಲಿನಕ್ಸ್ ಇರುವ ಡೆಸ್ಕ್‌ಟಾಪಿನಲ್ಲಿ ಅಂತರಜಾಲ ಅರ್ಧಂಬರ್ಧ ಕೆಲಸ ಮಾಡತೊಡಗಿತು. ವಿಡಿಯೊ ತಾಣ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಬೇರೆ ಕೆಲವು ತಾಣಗಳು ಬಹಳ ಹೊತ್ತು ಲೋಡ್ ಆಗುತ್ತಲೇ ಇದ್ದು ಕೊನೆಗೆ ಟೈಮ್‌ಔಟ್ ಎನ್ನುತ್ತಿದ್ದವು. ವಿಚಿತ್ರವೆಂದರೆ, ತೆರೆಯದ ಆ ತಾಣಗಳಿಗೂ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಣ್ಣ ಪರೀಕ್ಷಾ ಸಂದೇಶ) ಒಂದೂ ತಪ್ಪದೆ ಹೋಗಿ ಬರುತ್ತಿತ್ತು.

ಮೊದಲ ಹಂತದ ತಪಾಸಣೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಐಪಿ ವಿಳಾಸ, ಡೀಫಾಲ್ಟ್ ರೂಟ್ (ಹೊರಜಾಲಕ್ಕೆ ಹೋಗುವ ದಾರಿ), ಡಿಎನ್ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕುವ ಸೇವೆ) ಮೂರೂ ಸರಿಯಾಗಿದ್ದವು, ವೈಫೈ ಬಿಟ್ಟು ಕೇಬಲ್ ಹಾಕಿದರೂ ಲಕ್ಷಣ ಬದಲಾಗಲಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಪುಟ ತರಿಸುವ ಆದೇಶವಾದ ಕರ್ಲ್ ಅನ್ನು ವರ್ಬೋಸ್ (ಪ್ರತಿ ಹೆಜ್ಜೆಯ ವಿವರ ತೋರಿಸುವ) ಆಯ್ಕೆಯೊಂದಿಗೆ ಓಡಿಸಿದಾಗ. ಟಿಸಿಪಿ ಸಂಪರ್ಕ ಕ್ಷಣದಲ್ಲೇ ಏರ್ಪಟ್ಟು, ಸುರಕ್ಷಿತ ಸಂಪರ್ಕ ಕಟ್ಟುವ ಟಿಎಲ್ಎಸ್‌ನ ಮೊದಲ ಸಂದೇಶ ಕ್ಲೈಂಟ್ ಹೆಲೊ ಹೊರಟ ಮೇಲೆ ಪರದೆ ಅಲ್ಲಿಗೇ ನಿಂತುಬಿಡುತ್ತಿತ್ತು. ಪಕ್ಕದ ಟರ್ಮಿನಲ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್, ಅಂದರೆ ದತ್ತಾಂಶದ ತುಣುಕುಗಳನ್ನು ತೋರಿಸುವ ಸಾಧನ) ಹಾಕಿ ನೋಡಿದಾಗ, ಸರ್ವರ್ ಕಳುಹಿಸಿದ ಸರ್ಟಿಫಿಕೇಟಿನ ದೊಡ್ಡ ಪ್ಯಾಕೆಟ್‌ಗಳು ಒಂದೂ ಬಾರದೆ, ಕೊನೆಯ ಸಣ್ಣ ತುಣುಕು ಮಾತ್ರ ಬಂದಿರುವುದೂ, ನಡುವಿನ ಭಾಗ ತಲುಪಿಲ್ಲವೆಂದು ನನ್ನ ಯಂತ್ರ ಸ್ಯಾಕ್ (ಯಾವ ಭಾಗ ಬಂತು ಎಂದು ತಿಳಿಸುವ ಟಿಸಿಪಿ ಉತ್ತರ) ಮೂಲಕ ತಿಳಿಸುತ್ತಿರುವುದೂ ಕಂಡಿತು. ಅಂದರೆ ದಾರಿ ಮುಚ್ಚಿರಲಿಲ್ಲ. ದೊಡ್ಡ ಗಾತ್ರದವು ಮಾತ್ರ ಎಲ್ಲೋ ಬಿದ್ದುಹೋಗುತ್ತಿದ್ದವು. ಪಿಂಗ್ ಸಾಮಾನ್ಯವಾಗಿ ಕಳುಹಿಸುವುದು 56 ಬೈಟಿನ ದತ್ತಾಂಶವನ್ನಾದ್ದರಿಂದ ಅದಕ್ಕೆ ಈ ತೊಂದರೆ ತಟ್ಟುವುದೇ ಇಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು, ಪ್ಯಾಕೆಟ್ ತುಂಡರಿಸಬಾರದೆಂಬ ಸೂಚನೆ ಕೊಟ್ಟು ಪಿಂಗ್‌ನ ಗಾತ್ರವನ್ನು ಏರಿಸುತ್ತಾ ಹೋದೆ. 1464ರವರೆಗೆ ಉತ್ತರ ಬಂತು, 1465ಕ್ಕೆ ಮೌನ. ಐಪಿ ತಲೆಬರಹದ 20 ಮತ್ತು ಐಸಿಎಂಪಿಯ (ಪಿಂಗ್ ಹಾಗೂ ಜಾಲದ ದೋಷ ಸಂದೇಶಗಳ ವಿಧಾನ) 8 ಬೈಟ್ ಕೂಡಿಸಿದರೆ 1464 ಎಂಬುದು 1492 ಆಗುತ್ತದೆ. ಈಥರ್‌ನೆಟ್‌ನ 1500 ಬೈಟ್ ಮಿತಿಯಲ್ಲಿ ಪಿಪಿಪಿಒಇ ತನಗೆಂದು 8 ಬೈಟ್ ಇಟ್ಟುಕೊಂಡ ಮೇಲೆ ಉಳಿಯುವುದೂ ಇಷ್ಟೇ. ಇಲ್ಲಿ ಗಮನಿಸಬೇಕಾದದ್ದು ಸಂಖ್ಯೆಗಿಂತ ಹೆಚ್ಚಾಗಿ ಆ ಮೌನವನ್ನು. ರೌಟರಿಗೆ ತನ್ನ ಮಿತಿ, ಅಂದರೆ ಒಂದೇ ಪ್ಯಾಕೆಟ್ಟಿನಲ್ಲಿ ಹೋಗಬಲ್ಲ ಗರಿಷ್ಠ ಗಾತ್ರವಾದ ಎಂಟಿಯು, ತಿಳಿದಿದ್ದರೆ ‘ತುಂಡರಿಸಬೇಕಿದೆ, ಎಂಟಿಯು 1492’ ಎಂಬ ಐಸಿಎಂಪಿ ಸಂದೇಶ ಅದರ ವಿಳಾಸದಿಂದ ಬರಬೇಕಿತ್ತು. ಮಿತಿ ಡೆಸ್ಕ್‌ಟಾಪಿನದೇ ಆಗಿದ್ದರೆ ‘ಸಂದೇಶ ತೀರಾ ಉದ್ದವಾಯಿತು’ ಎಂದು ಲಿನಕ್ಸ್ ಕರ್ನಲ್ ಸ್ಥಳದಲ್ಲೇ ಹೇಳುತ್ತಿತ್ತು. ಎರಡೂ ಇಲ್ಲದಿರುವುದರಿಂದ ರೌಟರಿಗೆ ತನ್ನ ಹೊರಗಿನ ಕೊಂಡಿಯ ಅಳತೆಯೇ ತಿಳಿದಿಲ್ಲವೆಂಬ ಅನುಮಾನ ಬಲವಾಯಿತು.

ತಾತ್ಕಾಲಿಕವಾಗಿ ಡೆಸ್ಕ್‌ಟಾಪಿನ ಇಂಟರ್‌ಫೇಸ್ ಎಂಟಿಯುವನ್ನು 1492ಕ್ಕೆ ಇಳಿಸಿದ ಕೂಡಲೇ ಹಟ ಹಿಡಿದಿದ್ದ ಪುಟಗಳೆಲ್ಲ ತೆರೆದುಕೊಂಡವು. ಹೀಗೆ ಮಾಡಿದಾಗ ನನ್ನ ಯಂತ್ರ ಸಂಪರ್ಕದ ಆರಂಭದಲ್ಲೇ ಎಂಎಸ್ಎಸ್ (ಒಂದು ತುಣುಕಿನಲ್ಲಿ ಇರಬಹುದಾದ ಗರಿಷ್ಠ ದತ್ತಾಂಶ) 1460ರ ಬದಲು 1452 ಎಂದು ಸಾರುತ್ತದೆ, ಸರ್ವರ್ ಅದಕ್ಕೆ ತಕ್ಕಂತೆ ಸಣ್ಣ ತುಣುಕುಗಳನ್ನು ಕಳುಹಿಸುತ್ತದೆ. ಟಿಸಿಪಿ ಎಂಟಿಯು ಪ್ರೋಬಿಂಗ್ (ದಾರಿಗೆ ಹೊಂದುವ ಗಾತ್ರವನ್ನು ತಾನೇ ಹುಡುಕುವ ಸೌಲಭ್ಯ) ಚಾಲೂ ಮಾಡಿದರೆ ಸಾಕೆಂಬ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆಯಾದರೂ, ಆ ಸೌಲಭ್ಯ ನೆರವಾಗುವುದು ಕಳುಹಿಸುವ ಕಡೆಯವರಿಗೆ. ಸರ್ವರಿನಿಂದ ಇಳಿದು ಬರುವ ದತ್ತಾಂಶಕ್ಕೆ ನನ್ನ ಯಂತ್ರದಲ್ಲಿ ಅದನ್ನು ಹಾಕಿ ಪ್ರಯೋಜನವಿಲ್ಲ. ವಿಡಿಯೊ ತಾಣ ಮೊದಲಿನಿಂದಲೂ ತೊಂದರೆ ಕೊಡದಿದ್ದುದಕ್ಕೂ ಕಾರಣ ಸಿಕ್ಕಿತು: ಅದು ಬಳಸುವ ಕ್ವಿಕ್ ವಿಧಾನ ಟಿಸಿಪಿಯ ಬದಲು ಯುಡಿಪಿ ಮೇಲೆ ನಡೆಯುವಂಥದ್ದಾಗಿದ್ದು, 1200 ಬೈಟಿನ ಆಸುಪಾಸಿನ ಪ್ಯಾಕೆಟ್‌ಗಳಿಂದ ಆರಂಭವಾಗುವ ಕಾರಣ ಈ ಗೋಡೆಗೆ ಡಿಕ್ಕಿ ಹೊಡೆಯುವುದಿಲ್ಲ.

ಆದರೆ ಪ್ರತಿಯೊಂದು ಸಾಧನದಲ್ಲೂ ಎಂಟಿಯು ಇಳಿಸುತ್ತಾ ಕೂರುವುದು ಪರಿಹಾರವಲ್ಲ. ರೌಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟದ ಅಡ್ವಾನ್ಸ್ಡ್ ವಿಭಾಗವನ್ನು ತೆರೆದಾಗ, ರೀಸೆಟ್ ನಂತರ ಎಂಟಿಯು ಖಾನೆಯಲ್ಲಿ 1500 ಕೂತಿತ್ತು. ಅದನ್ನು 1492 ಎಂದು ತಿದ್ದಿ, ಪಿಪಿಪಿಒಇ ಸಂಪರ್ಕ ಕಡಿದು ಮತ್ತೆ ಜೋಡಿಸಿ, ಡೆಸ್ಕ್‌ಟಾಪನ್ನು 1500ಕ್ಕೆ ಮರಳಿಸಿದೆ. ಈಗ 1465 ಗಾತ್ರದ ಪಿಂಗ್‌ಗೆ ಮೌನದ ಬದಲು ರೌಟರಿನ ವಿಳಾಸದಿಂದಲೇ ಎಂಟಿಯು ಸಂದೇಶ ಬರುತ್ತಿದೆ, ಟಿಸಿಪಿಡಂಪ್‌ನಲ್ಲಿ ಸರ್ವರಿನಿಂದ ಬರುವ ತುಣುಕುಗಳು 1452 ಬೈಟ್ ಮೀರುತ್ತಿಲ್ಲ.

ಬಾಕಿ ಇರುವುದು ವೈರ್‌ಗಾರ್ಡ್ ಸುರಂಗ, ಅಂದರೆ ವಿಪಿಎನ್ ಸಂಪರ್ಕ. ಅದರ ಎಂಟಿಯು ಸಾಮಾನ್ಯವಾಗಿ 1420 ಇರುತ್ತದೆ. ಹೊರಗಿನ ಪ್ಯಾಕೆಟ್ ಐಪಿವಿ4 ಆದರೆ 60 ಬೈಟ್ ಸೇರಿ 1480 ಆಗಿ ದಾಟಿಹೋಗುತ್ತದೆ, ಐಪಿವಿ6 ಆದರೆ 80 ಸೇರಿ 1500 ಆಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಸಂರಚನಾ ಕಡತದಲ್ಲಿ 1412 ಎಂದು ಬರೆದು ಎರಡೂ ಬಗೆಯಲ್ಲಿ ಪರೀಕ್ಷಿಸುವುದು ಮುಂದಿನ ಕೆಲಸ.